ಸ್ವಿಚ್‌ಗ್ರಾಸ್ ಬೆಳೆಗಾರರಿಗೊಂದು ಕಿವಿಮಾತು

ಉತ್ತರ ಅಮೆರಿಕ ಮೂಲದ ಸ್ವಿಚ್‌ಗ್ರಾಸ್ ಎಂಬ ಬಹುವಾರ್ಷಿಕ ಹುಲ್ಲನ್ನು ಜೈವಿಕ ಇಂಧನಕ್ಕಾಗಿ ಬೆಳೆಯುವವರು ಇಳುವರಿಯ ಅಂಕಿಗೆ ಮರುಳಾಗುವ ಮೊದಲು ತಮ್ಮ ಸೀಮೆಯ ಚಳಿಯನ್ನು ಗಮನಿಸುವುದು ಲೇಸು. ತಗ್ಗುಪ್ರದೇಶದ ಬಗೆಗೆ ಸೇರಿದ, ಟೆಕ್ಸಾಸ್ ಮೂಲದ ಅಲಾಮೊ ತಳಿಯು ದಪ್ಪ ಕಾಂಡದೊಡನೆ ಎತ್ತರಕ್ಕೆ ಬೆಳೆದು ಹೆಚ್ಚು ಜೀವರಾಶಿಯನ್ನು, ಅಂದರೆ ಇಂಧನವಾಗಬಲ್ಲ ಒಣ ಸಸ್ಯಭಾಗವನ್ನು ಕೊಡುತ್ತದೆಯಾದರೂ ಉತ್ತರದ ಕಡುಚಳಿಯನ್ನು ತಾಳಲಾರದ್ದರಿಂದ, ಅಲ್ಲಿಗೆ ಕೇವ್-ಇನ್-ರಾಕ್‌ನಂತಹ ಮೇಲ್ನಾಡಿನ ತಳಿಯೇ ಹೆಚ್ಚು ಸೂಕ್ತ. ನುಣುಪಾದ ಸಣ್ಣ ಬೀಜವನ್ನು ಚೆನ್ನಾಗಿ ಅದುಮಿದ ಮಣ್ಣಿನಲ್ಲಿ ಸುಮಾರು 1 ಸೆಂ.ಮೀ. ಆಳಕ್ಕಷ್ಟೇ ಬಿತ್ತಿ, ಕಳೆ ಕೊಬ್ಬದಂತೆ ಮೊದಲ ವರ್ಷ ಸಾರಜನಕ ಗೊಬ್ಬರವನ್ನು ತಡೆಹಿಡಿಯಬೇಕು; ಪೂರ್ಣ ಇಳುವರಿ ಸಾಮಾನ್ಯವಾಗಿ 3ನೆಯ ವರ್ಷಕ್ಕೆ ಬರುವುದರಿಂದ ಅವಸರ ಸಲ್ಲದು. ಮಂಜು ಹೆಪ್ಪುಗಟ್ಟುವ ಕಾಲ ಬಂದು, ಎಲೆಕಾಂಡಗಳ ಪೋಷಕಾಂಶ ಬೇರಿಗಿಳಿದ ಮೇಲೆ, ವರ್ಷಕ್ಕೊಮ್ಮೆ 10ರಿಂದ 15 ಸೆಂ.ಮೀ. ಕೂಳೆ ಉಳಿಸಿ ಕೊಯ್ದರೆ ಗೊಬ್ಬರದ ಖರ್ಚೂ ಇಂಧನದಲ್ಲಿನ ಬೂದಿಯ ಅಂಶವೂ ತಗ್ಗುತ್ತವೆ.