ಘಾರಾಪುರಿಯಲ್ಲಿ ಒಂದು ಪೂರ್ತಿ ದಿನ: ಮೊದಲ ಸಲ ಹೋಗುವವರಿಗೆ, ಹಂತ ಹಂತವಾಗಿ

ಊರಿಂದ ನೆಂಟರು ಬಂದರೆ ಥಾಣೆ, ಡೊಂಬಿವಲಿ, ಕಲ್ಯಾಣ್ ಕಡೆಯ ಕನ್ನಡಿಗರು ಅವರನ್ನು ಒಮ್ಮೆ ಎಲಿಫೆಂಟಾಕ್ಕೆ, ಅಂದರೆ ಘಾರಾಪುರಿ ದ್ವೀಪಕ್ಕೆ, ಕರೆದೊಯ್ಯುವುದು ವಾಡಿಕೆ. ಹೋಗುವ ಕ್ರಮವೂ ಎಲ್ಲರದೂ ಒಂದೇ. ಗೇಟ್‌ವೇಯಲ್ಲಿ ದೋಣಿ ಹತ್ತುವುದು, ಪುಟಾಣಿ ರೈಲಿನಲ್ಲಿ ಕೂರುವುದು, ಮೆಟ್ಟಿಲೇರಿ ಮೂರು ಮುಖದ ಶಿವನ ಎದುರು ಫೋಟೊ ತೆಗೆಸಿಕೊಳ್ಳುವುದು, ಸುಟ್ಟ ಜೋಳ ತಿಂದು ಸಿಕ್ಕಿದ ದೋಣಿಗೆ ವಾಪಸ್. ಮುಂಬಯಿ ಬಂದರಿಗೆ ದೊಡ್ಡ ಪ್ರವಾಸಿ ಹಡಗಿನಲ್ಲಿ ಬರುವ ವಿದೇಶಿಯರು ಹೀಗೆ ಅರ್ಧ ದಿನದಲ್ಲಿ ಮುಗಿಸಲೇಬೇಕು, ಸಂಜೆಗೆ ಅವರ ಹಡಗು ಹೊರಡುತ್ತದೆ. ಲೋಕಲ್ ಹಿಡಿದು ಮನೆ ಸೇರುವ ನಮಗೆ ಆ ಅವಸರ ಬೇಕಿಲ್ಲ. ಆ ದ್ವೀಪದಲ್ಲಿ ಎರಡು ಗುಡ್ಡಗಳಿವೆ, ಮೂರು ಹಳ್ಳಿಗಳಿವೆ, ಬೌದ್ಧರ ಸ್ತೂಪವಿದೆ, ತೋಪುಗಳಿವೆ. ಇವನ್ನೆಲ್ಲ ಒಂದೇ ದಿನದಲ್ಲಿ, ಓಡದೆ, ನೋಡುವ ಕ್ರಮ ಇಲ್ಲಿದೆ.

ಹಂತ 1: ದಿನ ಆರಿಸಿ

ಸೋಮವಾರ ಗುಹೆಗಳಿಗೆ ರಜೆ. ಭಾನುವಾರ ರಜೆಯಿಲ್ಲ, ಆದರೆ ಜನಜಂಗುಳಿ. ಸೆಂಟ್ರಲ್ ಲೈನಿನಲ್ಲೋ ಹಾರ್ಬರ್ ಲೈನಿನಲ್ಲೋ ಮೆಗಾಬ್ಲಾಕ್ ಇದ್ದರಂತೂ ಗೇಟ್‌ವೇ ತಲುಪುವುದರೊಳಗೇ ಅರ್ಧ ಉತ್ಸಾಹ ಮುಗಿದಿರುತ್ತದೆ. ಮಂಗಳವಾರದಿಂದ ಶುಕ್ರವಾರದೊಳಗೆ ಒಂದು ದಿನ ರಜೆ ಹಾಕುವುದೇ ಲೇಸು. ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಹಿತ. ಮಳೆಗಾಲದಲ್ಲಿ ದ್ವೀಪ ಹಸಿರಾಗಿ ಚೆಂದ ಕಾಣುತ್ತದೆ ನಿಜ, ಆದರೆ ಸಮುದ್ರ ಕೆರಳಿದ ದಿನ ದೋಣಿ ಬಿಡುವುದಿಲ್ಲ, ಗುಡ್ಡದ ದಾರಿಯೂ ಜಾರುತ್ತದೆ. ಮೊದಲ ಸಲಕ್ಕೆ ಮಳೆಗಾಲ ಬೇಡ.

ಹಂತ 2: ಮನೆಯಿಂದ ಗೇಟ್‌ವೇಗೆ

ಕಲ್ಯಾಣ್, ಡೊಂಬಿವಲಿ, ಥಾಣೆಯವರು ಫಾಸ್ಟ್ ಲೋಕಲ್ ಹಿಡಿದು ಸಿಎಸ್‌ಎಂಟಿಯಲ್ಲಿ ಇಳಿಯಿರಿ. ಅಲ್ಲಿಂದ ಬೆಸ್ಟ್ ಬಸ್ಸು, ಟ್ಯಾಕ್ಸಿ ಎರಡೂ ಸಿಗುತ್ತವೆ. ಕಾಲಿಗೆ ಕಸುವಿದ್ದವರು ಫೋರ್ಟಿನ ಬೀದಿಗಳಲ್ಲಿ ನಡೆದೇ ಹೋಗಬಹುದು. ಮೊದಲ ದೋಣಿ ಬೆಳಗ್ಗೆ ಒಂಬತ್ತರ ಹೊತ್ತಿಗೆ ಹೊರಡುತ್ತದೆ. ಅದನ್ನು ಹಿಡಿಯಬೇಕೆಂದರೆ ಕಲ್ಯಾಣಿನವರು ಆಫೀಸಿನ ಭರಾಟೆ ಶುರುವಾಗುವ ಮೊದಲೇ ಗಾಡಿ ಹತ್ತಿರಬೇಕು.

ನವಿ ಮುಂಬಯಿಯವರಿಗೆ ಒಂದು ಮಾತು. ನಕ್ಷೆಯಲ್ಲಿ ನೋಡಿದರೆ ಘಾರಾಪುರಿ ಇರುವುದು ನಿಮ್ಮ ಪಕ್ಕದಲ್ಲೇ. ಆಡಳಿತದ ಲೆಕ್ಕದಲ್ಲಿ ಅದು ಮುಂಬಯಿಗೆ ಸೇರಿದ್ದೇ ಅಲ್ಲ, ರಾಯಗಡ ಜಿಲ್ಲೆಯ ಉರಣ್ ತಾಲ್ಲೂಕಿನದು. 2022ರ ಫೆಬ್ರವರಿಯಲ್ಲಿ ಬೇಲಾಪುರ ಜೆಟ್ಟಿಯಿಂದ ವಾಟರ್ ಟ್ಯಾಕ್ಸಿ ಉದ್ಘಾಟನೆಯಾದಾಗ ಎಲಿಫೆಂಟಾಕ್ಕೂ ನೇರ ದೋಣಿ ಎಂದು ಎಲ್ಲರೂ ಖುಷಿಪಟ್ಟರು. ಆ ಸೇವೆಯನ್ನು ನಂಬಿಕೊಂಡು ಹೊರಡಬೇಡಿ. ಹಿಂದಿನ ದಿನ ವಿಚಾರಿಸಿ, ಇದ್ದರೆ ಹತ್ತಿ, ಇಲ್ಲವಾದರೆ ಹಾರ್ಬರ್ ಲೈನ್ ಹಿಡಿದು ಸಿಎಸ್‌ಎಂಟಿ.

ಹಂತ 3: ದೋಣಿಯ ಒಂದು ಗಂಟೆ

ಹೋಗಿಬರುವ ಟಿಕೆಟನ್ನು ಗೇಟ್‌ವೇಯ ಕೌಂಟರಿನಲ್ಲೇ ಕೊಳ್ಳಿ, ವಾಪಸ್ ಬರುವವರೆಗೆ ಚೀಟಿ ಜೋಪಾನ. ಹತ್ತಿದೊಡನೆ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಮಕ್ಕಳಿಗೂ ತಪ್ಪದೆ ಹಾಕಿ. ಸೆಖೆ, ಕೊಳೆ ಎಂದು ಮೂಗು ಮುರಿಯುವವರು 2024ರ ಡಿಸೆಂಬರ್ 18ನ್ನು ನೆನಪಿಸಿಕೊಳ್ಳಲಿ. ಅಂದು ಇದೇ ದಾರಿಯಲ್ಲಿ ಹೊರಟಿದ್ದ 'ನೀಲಕಮಲ್' ದೋಣಿಗೆ ನೌಕಾಪಡೆಯ ಸ್ಪೀಡ್ ಬೋಟ್ ಡಿಕ್ಕಿ ಹೊಡೆದು 15 ಜನ ಸತ್ತರು.

ಮೇಲಿನ ಅಂತಸ್ತಿಗೆ ಸ್ವಲ್ಪ ಹೆಚ್ಚಿನ ಹಣ ಕೇಳುತ್ತಾರೆ, ಕೊಡಿ. ಬಂದರಿನ ಕೆಲಸ ಕಣ್ಣಿಗೆ ಬೀಳುವುದು ಅಲ್ಲಿಂದಲೇ: ಸರದಿ ಕಾಯುತ್ತ ಲಂಗರು ಹಾಕಿದ ಸರಕು ಹಡಗುಗಳು, ತೈಲ ಇಳಿಸುವ ಜವಾಹರ ದ್ವೀಪ, ದೂರದಲ್ಲಿ ಟ್ರಾಂಬೆಯ ಅಣುಕೇಂದ್ರದ ಗುಮ್ಮಟ. ನೌಕಾಪಡೆಯ ಹಡಗುಗಳ ಕಡೆಗೆ ಮಾತ್ರ ಕ್ಯಾಮೆರಾ ತಿರುಗಿಸಬೇಡಿ.

ಹಂತ 4: ಪುಟಾಣಿ ರೈಲು ಬಿಟ್ಟು ನಡೆಯಿರಿ

ವಯಸ್ಸಾದವರು, ಚಿಕ್ಕ ಮಕ್ಕಳಿದ್ದವರು ರೈಲಿನಲ್ಲೇ ಹೋಗಲಿ. ಉಳಿದವರು ಜೆಟ್ಟಿಯ ಮೇಲೆ ನಡೆಯಿರಿ, ಹತ್ತು ನಿಮಿಷದ ದಾರಿ. ಜೆಟ್ಟಿ ಇಷ್ಟು ಉದ್ದ ಏಕೆ ಎಂಬುದು ಇಳಿತದ ಹೊತ್ತಿಗೆ ಹೋದರೆ ತಾನೇ ತಿಳಿಯುತ್ತದೆ. ಭರತದಲ್ಲಿ ಸುಮಾರು 10 ಚದರ ಕಿಲೋಮೀಟರ್ ಇರುವ ದ್ವೀಪ ಇಳಿತದಲ್ಲಿ 16ರಷ್ಟು ಹರಡುತ್ತದೆ. ಹೆಚ್ಚುವರಿ ನೆಲವೆಲ್ಲ ಕೆಸರು; ದೋಣಿ ದಡಕ್ಕೆ ಬರುವಂತಿಲ್ಲ, ಹಾಗಾಗಿ ದಡವೇ ದೋಣಿಯ ಬಳಿ ಹೋಗಬೇಕಾಯಿತು. ಆ ಕೆಸರಿನಲ್ಲಿ ಬೆಳ್ಳಕ್ಕಿಗಳು ಹುಳ ಹೆಕ್ಕುವುದನ್ನು, ಅಂಚಿನ ಕಾಂಡ್ಲಾ ಗಿಡಗಳ ಬೇರು ಮೇಲಕ್ಕೆ ಚಾಚಿರುವುದನ್ನು ರೈಲಿನ ಸದ್ದಿಲ್ಲದೆ ನೋಡಬಹುದು.

ಮುಂದೆ 120ರಷ್ಟು ಮೆಟ್ಟಿಲು, ಎರಡೂ ಬದಿಗೆ ಅಂಗಡಿ. ಈಗಲೇ ಚೌಕಾಸಿಗೆ ನಿಲ್ಲಬೇಡಿ, ಇಳಿಯುವಾಗ ಬೆಲೆ ತಾನಾಗಿ ತಗ್ಗಿರುತ್ತದೆ. ಮೆಟ್ಟಿಲು ಹತ್ತಲಾಗದ ಹಿರಿಯರನ್ನು ಡೋಲಿಯಲ್ಲಿ ಹೊತ್ತೊಯ್ಯುವವರಿದ್ದಾರೆ. ದರವನ್ನು ಹೋಗಿಬರಲು ಸೇರಿಸಿ ಮೊದಲೇ ಮಾತಾಡಿ. ಕೋತಿಗಳ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಬುತ್ತಿ, ನೀರಿನ ಬಾಟಲಿ, ಬಣ್ಣದ ಪಾನೀಯ ಎಲ್ಲವೂ ಜಿಪ್ ಹಾಕಿದ ಬ್ಯಾಗಿನೊಳಗಿರಲಿ. ಕೈಯಲ್ಲಿ ಹಿಡಿದದ್ದು ನಿಮ್ಮದಲ್ಲ, ಅವುಗಳದು.

ಹಂತ 5: ಮೊದಲು ತೋಪಿನ ಗುಡ್ಡ

ಇಲ್ಲಿಂದ ನನ್ನ ಕ್ರಮ ಉಳಿದವರದಕ್ಕಿಂತ ಬೇರೆ. ನಿಮ್ಮ ದೋಣಿಯಲ್ಲಿ ಬಂದವರೆಲ್ಲ ಈಗ ದೊಡ್ಡ ಗುಹೆಗೆ ನುಗ್ಗುತ್ತಾರೆ. ನುಗ್ಗಲಿ. ನೀವು 'ಕೆನನ್ ಹಿಲ್' ಎಲ್ಲಿ ಎಂದು ಅಂಗಡಿಯವರನ್ನು ಕೇಳಿ ಗುಡ್ಡದ ದಾರಿ ಹಿಡಿಯಿರಿ. ಬಿಸಿಲೇರುವ ಮೊದಲು ಹತ್ತಿದರೆ ದಣಿವಿಲ್ಲ. ತುದಿಯಲ್ಲಿ ಬ್ರಿಟಿಷರ ಕಾಲದ ಎರಡು ಭಾರಿ ತೋಪುಗಳಿವೆ, ಬಂದರನ್ನು ಕಾಯಲು ನಿಲ್ಲಿಸಿದ್ದವು. ಮಕ್ಕಳಿಗೆ ಶಿವನಿಗಿಂತ ಇವೇ ಹೆಚ್ಚು ಇಷ್ಟವಾದರೆ ಬೇಸರಿಸಬೇಡಿ.

ತೋಪು ಒಂದು ನೆಪ. ಇಲ್ಲಿ ನಿಂತರೆ ನೀವು ದಿನಾ ಓಡಾಡುವ ಊರಿನ ನಕ್ಷೆಯೇ ಕಾಲಡಿ ಬಿಚ್ಚಿಕೊಳ್ಳುತ್ತದೆ. ಪಶ್ಚಿಮಕ್ಕೆ ಮುಂಬಯಿ. ಉತ್ತರಕ್ಕೆ ಸಮುದ್ರದ ಮೇಲೆ ಗೆರೆ ಎಳೆದಂತೆ ಅಟಲ್ ಸೇತು: 2024ರ ಜನವರಿ 12ರಂದು ತೆರೆದದ್ದು, 21.8 ಕಿಲೋಮೀಟರ್ ಉದ್ದ, ಶಿವಡಿಯನ್ನು ನವಿ ಮುಂಬಯಿಯ ಮಗ್ಗುಲಿಗೆ ಸೇರಿಸಿದ್ದು. ಆಗ್ನೇಯಕ್ಕೆ ನಾವಾ ಶೇವಾ ಬಂದರಿನ ಕ್ರೇನುಗಳ ಸಾಲು. 1989ರಲ್ಲಿ ಕೆಲಸ ಶುರುಮಾಡಿದ ಆ ಬಂದರಿನ ಪೆಟ್ಟಿಗೆಗಳೇ ಉರಣ್ ರಸ್ತೆಯಲ್ಲಿ ಟ್ರೇಲರುಗಳಾಗಿ ನಿಮ್ಮ ಬಸ್ಸನ್ನು ತಡೆದು ನಿಲ್ಲಿಸುವುದು.

ಕನ್ನಡಿಗರು ಇಲ್ಲಿ ಇನ್ನೊಂದು ಹಡಗಿನ ಸಾಲನ್ನೂ ಕಲ್ಪಿಸಿಕೊಳ್ಳಬಹುದು. ಐಹೊಳೆಯ ಮೇಗುಟಿ ಬಸದಿಯಲ್ಲಿ ರವಿಕೀರ್ತಿ ಬರೆದ ಶಾಸನವಿದೆ, ಕ್ರಿ.ಶ. 634ರದು. ಬಾದಾಮಿಯ ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರನ್ನು ಮಣಿಸಿ, ಪಡುವಣ ಕಡಲಿನ ಸಿರಿಯಂತಿದ್ದ ಪುರಿ ಎಂಬ ಪಟ್ಟಣವನ್ನು ನೂರಾರು ನಾವೆಗಳಿಂದ ಮುತ್ತಿದನೆಂದು ಅದು ಹೇಳುತ್ತದೆ. ಆ ಪುರಿ ಈ ಘಾರಾಪುರಿಯೇ ಎಂದು ಹಲವು ವಿದ್ವಾಂಸರ ಮತ. ಅಲ್ಲ, ಅದು ದಕ್ಷಿಣಕ್ಕೆ ರಾಜಾಪುರಿಯ ಕಡೆಯದು ಎನ್ನುವವರೂ ಇದ್ದಾರೆ. ತೋಪಿನ ಗುಡ್ಡದ ಮೇಲೆ ನಿಂತು ನೋಡಿದರೆ ಮೊದಲನೆಯವರ ಮಾತನ್ನೇ ನಂಬಬೇಕೆನಿಸುತ್ತದೆ. ಈ ಕೊಲ್ಲಿಯ ಬಾಯಿ ಹಿಡಿದವನಿಗೆ ಕಲ್ಯಾಣದವರೆಗಿನ ವ್ಯಾಪಾರವೆಲ್ಲ ಕೈವಶ. ಕಲ್ಯಾಣ ಆ ಮೊದಲೇ ಗ್ರೀಕ್ ನಾವಿಕರ ಬರಹದಲ್ಲಿ 'ಕಲ್ಲಿಯೆನಾ' ಎಂದು ಹೆಸರು ಪಡೆದಿದ್ದ ರೇವು. ಮುಂದೆ ಈ ಸೀಮೆಯನ್ನು ಆಳಿದ ಶಿಲಾಹಾರರು ನಮ್ಮ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಥಾಣೆ ಅವರ ರಾಜಧಾನಿಯಾಗಿತ್ತು.

ಹಂತ 6: ಸ್ತೂಪದ ಗುಡ್ಡ

ಇಳಿದು ಬಂದು ಪೂರ್ವದ ಗುಡ್ಡದತ್ತ ಹೊರಡಿ. ಪಶ್ಚಿಮದ ಗುಡ್ಡದಲ್ಲಿ ಐದು ಗುಹೆ, ಇಲ್ಲಿ ಎರಡು. ಆರನೆಯದನ್ನು ಸೀತಾಬಾಯಿಯ ಗುಡಿ ಎನ್ನುತ್ತಾರೆ, ಪೋರ್ಚುಗೀಸರು ಅದನ್ನು ಕೆಲಕಾಲ ಇಗರ್ಜಿಯಾಗಿ ಬಳಸಿದ್ದರು. ಅದರಾಚೆ ಒಂದು ಬತ್ತಿದ ಕೊಳ, ಇಟ್ಟಿಗೆಯ ಸ್ತೂಪದ ಅವಶೇಷ. ಶೈವರಿಗಿಂತ ಶತಮಾನಗಳ ಮೊದಲೇ ಬೌದ್ಧರು ಇಲ್ಲಿದ್ದರೆಂಬುದಕ್ಕೆ ಅದೇ ಸಾಕ್ಷಿ. ಕೆತ್ತನೆಯ ಸೊಬಗು ಹುಡುಕಿ ಹೋದರೆ ನಿರಾಸೆ ಖಂಡಿತ. ಜನರಿಲ್ಲ, ಅದೇ ಲಾಭ. ಆದರೆ ದಾರಿ ಪೊದೆಗಳ ನಡುವಿನದು, ಒಬ್ಬರೇ ಹೋಗಬೇಡಿ. ಹೊರಡುವ ಮುನ್ನ ಕಾವಲುಗಾರರನ್ನು ಕೇಳಿ, ಬೇಡವೆಂದರೆ ಬಿಟ್ಟುಬಿಡಿ.

ಹಂತ 7: ಊಟ, ಊರು

ದ್ವೀಪದಲ್ಲಿ ಶೇತ್ ಬಂದರ್, ರಾಜ್ ಬಂದರ್, ಮೋರಾ ಬಂದರ್ ಎಂಬ ಮೂರು ಹಳ್ಳಿಗಳು. ಮೆಟ್ಟಿಲ ಬದಿಯ ಹೋಟೆಲುಗಳಲ್ಲಿ ಮೀನಿನ ಊಟ ಸಿಗುತ್ತದೆ. ಗುಡ್ಡ ಹತ್ತುವ ಮೊದಲೇ ಹೇಳಿಟ್ಟು ಹೋದರೆ ಬಿಸಿಯಾಗಿ ಸಿಕ್ಕೀತು. ಸಸ್ಯಾಹಾರಿಗಳು ಚಿತ್ರಾನ್ನವನ್ನೋ ಚಪಾತಿಯನ್ನೋ ಮನೆಯಿಂದಲೇ ಕಟ್ಟಿಕೊಂಡು ಬರುವುದು ಮೇಲು.

ಊಟದ ಮೇಲೆ ರಾಜ್ ಬಂದರಿನ ಕಡೆ ಅರ್ಧ ಗಂಟೆ ಅಡ್ಡಾಡಿ ಬನ್ನಿ. ಮನೆ, ಕೋಳಿ, ಮೀನಿನ ಬಲೆ, ತುಳಸಿಕಟ್ಟೆ ಎಲ್ಲ ಕರಾವಳಿಯ ನಮ್ಮವರಿಗೆ ಗುರುತಿನವೇ. ಎದುರುಗಡೆ ಮುಂಬಯಿ ರಾತ್ರಿಯಿಡೀ ಝಗಮಗಿಸುತ್ತಿದ್ದರೂ ಈ ಹಳ್ಳಿಗಳಿಗೆ ಪೂರ್ಣಾವಧಿ ವಿದ್ಯುತ್ ಬಂದದ್ದು 2018ರ ಫೆಬ್ರವರಿಯಲ್ಲಿ, ಸಮುದ್ರದಡಿ ಏಳೂವರೆ ಕಿಲೋಮೀಟರ್ ಕೇಬಲ್ ಎಳೆದ ಮೇಲೆ. ಅಲ್ಲಿಯವರೆಗೆ ಸಂಜೆ ಕೆಲವು ಗಂಟೆ ಜನರೇಟರೇ ಗತಿ. ಯಾರ ಮನೆಯನ್ನಾದರೂ ಫೋಟೊ ತೆಗೆಯುವ ಮೊದಲು ಒಂದು ಮಾತು ಕೇಳಿ. ಮರಾಠಿಯಲ್ಲಿ "ಕಾಕಾ", "ಮಾವ್‌ಶಿ" ಎಂದು ಮಾತಾಡಿಸಿದರೆ ಮುಖ ಅರಳುತ್ತದೆ, ಅದು ನಿಮಗೆ ಹೇಳಿಕೊಡಬೇಕಾದದ್ದೇನಲ್ಲ.

ಹಂತ 8: ಕೊನೆಗೆ ದೊಡ್ಡ ಗುಹೆ

ಮೂರು ಗಂಟೆಯ ಹೊತ್ತಿಗೆ ಗುಂಪುಗಳು ದೋಣಿಯ ಚಿಂತೆಯಲ್ಲಿ ಇಳಿಯತೊಡಗುತ್ತವೆ. ನಿಮ್ಮ ಸರದಿ ಈಗ. ಆದರೆ ಎಲ್ಲರಂತೆ ಉತ್ತರದ ಬಾಗಿಲಿನಿಂದ ನೇರ ಒಳಗೆ ಹೋಗದೆ ಮೊದಲು ಪೂರ್ವದ ಅಂಗಳಕ್ಕೆ ಹೋಗಿ. ಅಲ್ಲಿಂದ ಪಶ್ಚಿಮಕ್ಕೆ ನೋಡಿದರೆ ಕಂಬಗಳ ಸಾಲಿನ ಆಚೆ ನಾಲ್ಕು ಬಾಗಿಲಿನ ಗರ್ಭಗುಡಿ, ಅದರೊಳಗೆ ಲಿಂಗ. ಈ ಗುಹೆ ದೇವಾಲಯವಾಗಿದ್ದ ಕಾಲದ ದಿಕ್ಕು ಅದು. ಉತ್ತರದಿಂದ ಬಂದವರಿಗೆ ಮಹೇಶಮೂರ್ತಿಯೇ ಎದುರಾಗುವುದರಿಂದ ಲಿಂಗ ಮೂಲೆಪಾಲಾಗಿ ಕಾಣುತ್ತದೆ. ಪೂರ್ವದ ಅಂಗಳದ ಪಕ್ಕದ ಗುಡಿಯಲ್ಲಿ ಸಪ್ತಮಾತೃಕೆಯರೂ ಇದ್ದಾರೆ. ಬಹಳ ಜನ ಅತ್ತ ತಲೆಯೇ ಹಾಕುವುದಿಲ್ಲ.

ಮಹೇಶಮೂರ್ತಿ ಆರು ಮೀಟರಿನಷ್ಟು ಎತ್ತರ. ಐದು ನಿಮಿಷ ಸುಮ್ಮನೆ ನಿಲ್ಲಿ, ಕತ್ತಲಿಗೆ ಕಣ್ಣು ಹೊಂದಿಕೊಳ್ಳಲಿ. ಬ್ರಹ್ಮ, ವಿಷ್ಣು, ಮಹೇಶ್ವರ ಎಂದು ಗೈಡ್ ಹೇಳಿದರೆ ತಲೆಯಾಡಿಸಿ, ಒಪ್ಪಬೇಡಿ. ಮೂರೂ ಶಿವನ ಮುಖಗಳೇ. ನಿಮ್ಮ ಎಡಕ್ಕೆ ಮೀಸೆಯ ಉಗ್ರ, ನಡುವೆ ಶಾಂತ, ಬಲಕ್ಕೆ ಹೆಣ್ಣಿನ ಸೌಮ್ಯ. ಉತ್ತರದ ಬಾಗಿಲ ಬಳಿಯ ನಟರಾಜನ ಕಾಲು ಮುರಿದಿದೆ. ಬಾದಾಮಿಯ ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನನ್ನು ನೋಡಿದವರು ಇಲ್ಲಿ ನಿಂತು ಹೋಲಿಸಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಶತಮಾನದವು. ಬಾದಾಮಿಯವ ಬಯಲ ಬೆಳಕಿನಲ್ಲಿ ಕುಣಿಯುತ್ತಾನೆ, ಇವನು ನೆರಳಿನಲ್ಲಿ.

ಕಟ್ಟಿಸಿದವರು ಯಾರು? ಕಲಚೂರಿ ದೊರೆ ಕೃಷ್ಣರಾಜನ ನಾಣ್ಯಗಳು ದ್ವೀಪದಲ್ಲಿ ಸಿಕ್ಕಿರುವುದರಿಂದ ಆತನ ಕಾಲ, ಆರನೆಯ ಶತಮಾನದ ನಡುಭಾಗ, ಎಂಬ ವಾದಕ್ಕೆ ಬಲವಿದೆ. ಉತ್ತರ ಹೇಳಬಹುದಾಗಿದ್ದ ಶಾಸನದ ಕಲ್ಲನ್ನು ಪೋರ್ಚುಗೀಸರು ಕಿತ್ತು ತಮ್ಮ ದೊರೆಗೆ ಕಳಿಸಿದರು, ಅದು ಅಲ್ಲಿ ಕಳೆದುಹೋಯಿತು. ಇದನ್ನು ಬರೆದಿಟ್ಟವನು ಅವರದೇ ಇತಿಹಾಸಕಾರ ದಿಯೋಗೊ ದೊ ಕೌಟೊ. 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಉಳಿದದ್ದನ್ನು.

ಕೊನೆಯ ದೋಣಿ ಸುಮಾರು ಐದೂವರೆಗೆ. ಪ್ರವಾಸಿಗರು ರಾತ್ರಿ ತಂಗುವಂತಿಲ್ಲ. ಐದಕ್ಕೇ ಜೆಟ್ಟಿಯಲ್ಲಿರಿ.

ಹಂತ 9: ಇನ್ನೊಂದು ದಿನ ಭಾಯಖಳಾದಲ್ಲಿ ಇಳಿಯಿರಿ

ದ್ವೀಪಕ್ಕೆ ಎಲಿಫೆಂಟಾ ಎಂಬ ಹೆಸರು ತಂದ ಕಲ್ಲಿನ ಆನೆ ಈಗ ದ್ವೀಪದಲ್ಲಿಲ್ಲ. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಕ್ರೇನಿನ ಸರಪಳಿ ಹರಿದು ಆನೆ ಬಿದ್ದು ಒಡೆಯಿತು. ಚೂರುಗಳನ್ನು ವಿಕ್ಟೋರಿಯಾ ಗಾರ್ಡನ್ನಿಗೆ, ಅಂದರೆ ಇಂದಿನ ರಾಣಿಬಾಗ್‌ಗೆ, ತಂದು 1914ರಲ್ಲಿ ಕೂಡಿಸಿ ನಿಲ್ಲಿಸಿದರು. ಈಗ ಅದು ಭಾಯಖಳಾ ಪೂರ್ವದ ರಾಣಿಬಾಗ್‌ನಲ್ಲಿ, ಡಾ. ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನ ಪಕ್ಕದಲ್ಲಿದೆ. ನಮ್ಮ ಫಾಸ್ಟ್ ಲೋಕಲ್ ಅಲ್ಲಿ ನಿಲ್ಲುತ್ತದೆ, ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಬುಧವಾರ ರಜೆ.