ಹೊಟ್ಟೆಯ ರಕ್ತನಾಳ ಉಬ್ಬಿದರೆ ಮಲಗಿಬಿಡಬೇಕೆ?



"ಸಿಸ್ಟರ್, ನಮ್ಮ ಯಜಮಾನರ ಹೊಟ್ಟೆ ಸ್ಕ್ಯಾನಿಂಗಿನಲ್ಲಿ ರಕ್ತನಾಳ 3.8 ಸೆಂಟಿಮೀಟರ್ ಉಬ್ಬಿದೆ ಅಂತ ಬಂದಿದೆ. ಡಾಕ್ಟ್ರು ಆಪರೇಷನ್ ಬೇಡ, ಒಂದು ವರ್ಷ ಬಿಟ್ಟು ಬನ್ನಿ ಅಂದ್ರು. ಬಡವರು ಅಂತ ಸಾಗಹಾಕಿದ್ರಾ?" ಸಂಘದ ಸಭೆಯೊಂದರಲ್ಲಿ ಸದಸ್ಯೆಯೊಬ್ಬರು ಕೇಳಿದ ಪ್ರಶ್ನೆಯಿದು. ಸಾಗಹಾಕಿದ್ದಲ್ಲ. ಶ್ರೀಮಂತರಿಗೂ ಇದನ್ನೇ ಹೇಳುತ್ತಾರೆ.

ಹೃದಯದಿಂದ ಹೊರಟು ಎದೆ, ಹೊಟ್ಟೆಯ ಮೂಲಕ ಕೆಳಗಿಳಿಯುವ ದೊಡ್ಡ ರಕ್ತನಾಳವೇ ಮಹಾಪಧಮನಿ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸುಮಾರು 2 ಸೆಂಟಿಮೀಟರ್. ಗೋಡೆ ದುರ್ಬಲವಾಗಿ, ಸೈಕಲ್ ಟ್ಯೂಬಿನ ಒಂದು ಕಡೆ ಉಬ್ಬಿದ ಹಾಗೆ, 3 ಸೆಂಟಿಮೀಟರ್ ಅಥವಾ ಹೆಚ್ಚಾದರೆ ಅದನ್ನು ಅನ್ಯೂರಿಸಂ ಎನ್ನುತ್ತಾರೆ. ಉಬ್ಬು ಚಿಕ್ಕದಿರುವಾಗ ಒಡೆಯುವ ಅಪಾಯ ಬಹಳ ಕಡಿಮೆ. ಆಪರೇಷನ್ನಿನ ಅಪಾಯವೇ ಅದಕ್ಕಿಂತ ಹೆಚ್ಚು. ಸಾಮಾನ್ಯವಾಗಿ ಗಂಡಸರಲ್ಲಿ 5.5, ಹೆಂಗಸರಲ್ಲಿ 5 ಸೆಂಟಿಮೀಟರ್ ತಲುಪಿದಾಗ, ಬೇಗಬೇಗ ಬೆಳೆದಾಗ ಅಥವಾ ನೋವು ಶುರುವಾದಾಗ ಆಪರೇಷನ್ ಮಾತು ಬರುತ್ತದೆ. ಅಲ್ಲಿಯವರೆಗೆ ಅಳತೆ ನೋಡುತ್ತಾ ಇರುವುದೇ ಚಿಕಿತ್ಸೆ.

ತೊಂದರೆ ಬರುವುದು ಇಲ್ಲೇ. ನೋವಿಲ್ಲ, ಕೆಲಸಕ್ಕೆ ಹೋಗುತ್ತಾರೆ, ಮಳೆ ಶುರುವಾಯಿತು, ಮಗಳ ಫೀಸು ಬಂತು, ಸ್ಕ್ಯಾನಿಂಗ್ ಮರೆತೇ ಹೋಯಿತು. ಆದರೆ ಉಬ್ಬು ಸಾಮಾನ್ಯವಾಗಿ ಸದ್ದಿಲ್ಲದೆ ಬೆಳೆಯುತ್ತದೆ. ಡಾಕ್ಟರು ಹೇಳಿದ ತಿಂಗಳನ್ನು ಸಂಘದ ಪಾಸ್‌ಬುಕ್ಕಿನ ಮೇಲೆ ಬರೆದಿಡಿ. ಸಂಘದ ಸಾಲ ಆಪರೇಷನ್ನಿಗೆ ಮಾತ್ರವಲ್ಲ, ಇಂಥ ತಪಾಸಣೆಗೂ ಸಿಗಬೇಕೆಂಬುದು ನನ್ನ ಅಭಿಪ್ರಾಯ. ಮುಂದಿನ ಸಭೆಯಲ್ಲಿ ಚರ್ಚಿಸಿ.

ಉಬ್ಬನ್ನು ಬೆಳೆಸುವ ದೊಡ್ಡ ಶತ್ರು ಬೀಡಿ, ಸಿಗರೇಟು. "ದಿನಕ್ಕೆ ಎರಡೇ" ಎಂಬ ಲೆಕ್ಕ ಬೇಡ, ಪೂರ್ತಿ ಬಿಡಬೇಕು. ಬೀಪಿ ಮಾತ್ರೆಯನ್ನು "ಈಗ ನಾರ್ಮಲ್ ಇದೆಯಲ್ಲಾ" ಎಂದು ನಿಲ್ಲಿಸಬಾರದು; ನಾರ್ಮಲ್ ಇರುವುದು ಆ ಮಾತ್ರೆಯಿಂದಲೇ! ಉಪ್ಪಿನಕಾಯಿ, ಹಪ್ಪಳ, ಒಣಮೀನು ಕಡಿಮೆಯಾಗಲಿ.

ಹಾಗೆಂದು ಮನುಷ್ಯನನ್ನು ಮೂಲೆಯಲ್ಲಿ ಕೂರಿಸಬೇಡಿ. ನಡೆಯಲಿ, ತೋಟಕ್ಕೆ ನೀರು ಬಿಡಲಿ, ಮದುವೆ ಮನೆಗೆ ಹೋಗಲಿ. ಉಸಿರು ಬಿಗಿಹಿಡಿದು ಅಕ್ಕಿ ಮೂಟೆ ಎತ್ತುವುದು ಮಾತ್ರ ಬೇಡ. ಮಲಬದ್ಧತೆಯಾಗಿ ತಿಣುಕುವುದೂ ಒಳ್ಳೆಯದಲ್ಲ, ಸೊಪ್ಪು, ಹಣ್ಣು ಕೊಡಿ.

ಭೇದಿಗೋ ಉರಿಮೂತ್ರಕ್ಕೋ ಮೆಡಿಕಲ್ ಶಾಪಿನಿಂದ ಸಿಪ್ರೋಫ್ಲಾಕ್ಸಾಸಿನ್‌ನಂಥ ಮಾತ್ರೆಯನ್ನು ತಾವಾಗಿಯೇ ತಂದು ನುಂಗಬಾರದು. ಈ ಗುಂಪಿನ ಮಾತ್ರೆಗಳಿಂದ ಮಹಾಪಧಮನಿಗೆ ಅಪಾಯ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2018ರಲ್ಲಿ ಎಚ್ಚರಿಸಿದೆ. ಯಾವ ಡಾಕ್ಟರ ಹತ್ತಿರ ಹೋದರೂ ಉಬ್ಬಿನ ವಿಷಯ ಮೊದಲು ಹೇಳಿ. ಇದು ಕೆಲವು ಕುಟುಂಬಗಳಲ್ಲಿ ಬರುವುದರಿಂದ ಒಡಹುಟ್ಟಿದವರೂ ಮಕ್ಕಳೂ ತಮಗೆ ಸ್ಕ್ಯಾನಿಂಗ್ ಬೇಕೇ ಎಂದು ಕೇಳಲಿ.

ರಕ್ತನಾಳದ ಆಪರೇಷನ್ ಮಾಡುವ ಆಸ್ಪತ್ರೆ ಹತ್ತಿರದಲ್ಲಿ ಯಾವುದು, ಆಯುಷ್ಮಾನ್ ಕಾರ್ಡಿಗೆ ಅಲ್ಲಿ ಸೌಲಭ್ಯ ಇದೆಯೇ ಎಂದು ಈಗಲೇ ವಿಚಾರಿಸಿಟ್ಟುಕೊಳ್ಳಿ. ಹಠಾತ್ತನೆ ಹೊಟ್ಟೆ, ಬೆನ್ನು ಅಥವಾ ಸೊಂಟದಲ್ಲಿ ತಡೆಯಲಾರದ ನೋವು ಬಂದರೆ, ಬೆವರಿ ತಲೆಸುತ್ತಿ ಬಿದ್ದರೆ, ಗ್ಯಾಸ್ಟ್ರಿಕ್ ಎಂದು ಜೀರಿಗೆ ಕಷಾಯ ಕುದಿಸುತ್ತಾ ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ, "ಹೊಟ್ಟೆಯಲ್ಲಿ ಅನ್ಯೂರಿಸಂ ಇದೆ" ಎಂದು ತಿಳಿಸಿ, ಹಳೆಯ ರಿಪೋರ್ಟನ್ನು ಕೈಯಲ್ಲಿ ಹಿಡಿದೇ ಆಂಬುಲೆನ್ಸ್ ಹತ್ತಿ.