ಕಡಲವೀರ ಲ್ಯೂಕಸ್: ಒಂದು ಪಾಠ

ದೇವದುರ್ಗದ ಕಡೆ ಕೃಷ್ಣೆ, ಮಾನ್ವಿಯ ಕಡೆ ತುಂಗಭದ್ರೆ. ಇವುಗಳ ನಡುವಣ ರಾಯಚೂರು ಸೀಮೆಯ ಮಕ್ಕಳು ಹರಿಗೋಲನ್ನು ಬಲ್ಲರು. ಅಂಬಿಗರ ಚೌಡಯ್ಯನ ಕಾಯಕವನ್ನೂ ಬಲ್ಲರು. ಆದರೆ ಯುದ್ಧದ ಹಡಗು ಅವರಿಗೆ ಪುಸ್ತಕದ ಚಿತ್ರವೇ ಸರಿ. ಆದುದರಿಂದ ಈ ಪಾಠಕ್ಕೆ ಮುನ್ನ ಶಿಕ್ಷಕರು ಆ ದೃಶ್ಯವನ್ನು ಕಟ್ಟಿಕೊಡಬೇಕು: ಹಲಗೆಯ ನೆಲ, ಕೆಳಗೆ ಮದ್ದಿನ ದಾಸ್ತಾನು, ಸುತ್ತಲೂ ನೀರು, ಅಪಾಯ ಬಂದರೆ ಓಡಲು ಎಡೆಯಿಲ್ಲ.

1854ನೆಯ ಜೂನ್ 21. ಕ್ರಿಮಿಯಾ ಯುದ್ಧದ ಕಾಲ. ಬಾಲ್ಟಿಕ್ ಸಮುದ್ರದಲ್ಲಿ ರಷ್ಯನರ ಬೊಮಾರ್ಸುಂಡ್ ಕೋಟೆಯ ಮೇಲೆ ಬ್ರಿಟಿಷರ ಮೂರು ಹಡಗುಗಳು ದಾಳಿಯಿಟ್ಟಿದ್ದವು. ಅವುಗಳಲ್ಲೊಂದಾದ 'ಹೆಕ್ಲಾ'ದ ಮೇಲೆ ಕೋಟೆಯಿಂದ ಬಂದ ಗುಂಡೊಂದು ಬಿದ್ದಿತು. ಅದು ಬರಿಯ ಕಬ್ಬಿಣದ ಉಂಡೆಯಲ್ಲ. ಒಳಗೆ ಮದ್ದು ತುಂಬಿ ಬತ್ತಿಯಿಟ್ಟ ಟೊಳ್ಳುಗುಂಡು. ಬತ್ತಿ ಉರಿಯುತ್ತಿತ್ತು. ಎಲ್ಲರೂ ನೆಲಕ್ಕೆ ಮಲಗುವಂತೆ ಆಜ್ಞೆಯಾಯಿತು. ಐರ್ಲೆಂಡಿನ ಇಪ್ಪತ್ತು ವರ್ಷದ ತರುಣ ಚಾರ್ಲ್ಸ್ ಡೇವಿಸ್ ಲ್ಯೂಕಸ್ ಮಾತ್ರ ಮಲಗಲಿಲ್ಲ. ಓಡಿಹೋಗಿ ಗುಂಡನ್ನು ಎತ್ತಿ, ಹಡಗಿನ ಅಂಚಿಗೊಯ್ದು ಕಡಲಿಗೆ ಎಸೆದನು. ಕೂಡಲೇ ಅದು ಭಾರಿ ಸದ್ದಿನಿಂದ ಸಿಡಿಯಿತು. ಒಬ್ಬನೂ ಸಾಯಲಿಲ್ಲ.

ಆಜ್ಞೆ ಮೀರಿದವನಿಗೆ ಪದಕವೇಕೆ? ತರಗತಿಯಲ್ಲಿ ಜಾಣ ವಿದ್ಯಾರ್ಥಿ ಇದನ್ನು ಕೇಳಿಯೇ ಕೇಳುತ್ತಾನೆ. ಕೇಳದಿದ್ದರೆ ಶಿಕ್ಷಕರೇ ಕೇಳಬೇಕು. ಮಲಗಿರೆಂದದ್ದು ಪ್ರಾಣ ಉಳಿಸಿಕೊಳ್ಳುವುದಕ್ಕಾಗಿ. ಲ್ಯೂಕಸ್ ಆಜ್ಞೆಯ ಅಕ್ಷರವನ್ನು ಬಿಟ್ಟು ಅದರ ಉದ್ದೇಶವನ್ನು ಹಿಡಿದನು. ಕಪ್ತಾನ ವಿಲಿಯಂ ಹಾಲ್ ಇದನ್ನು ಅರಿತವನು; ದಂಡಿಸುವ ಬದಲು ಅಲ್ಲಿಯೇ ಬಡ್ತಿ ನೀಡಿದನು. ಮುಂದೆ ಹಾಲ್‌ನ ಮಗಳನ್ನೇ ಲ್ಯೂಕಸ್ ಮದುವೆಯಾದನೆಂಬುದು ಬೇರೆ ಮಾತು!

ವಿಕ್ಟೋರಿಯಾ ಕ್ರಾಸ್ ಸ್ಥಾಪನೆಯಾದದ್ದು 1856ರಲ್ಲಿ. 1857ನೆಯ ಜೂನ್ 26ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ರಾಣಿಯು 62 ಮಂದಿಗೆ ಅದನ್ನು ತೊಡಿಸಿದಳು. ಸಾಹಸದ ದಿನಾಂಕದಿಂದ ಎಣಿಸಿದರೆ ಲ್ಯೂಕಸನದೇ ಮೊದಲನೆಯದು. ಕೊಲ್ಲುವ ಯುದ್ಧದಲ್ಲಿ ಈ ಪದಕಕ್ಕೆ ಅರ್ಹವಾದ ಮೊದಲ ಕಾರ್ಯ ಪ್ರಾಣ ಕಾಯುವ ಕಾರ್ಯವಾಗಿತ್ತೆಂಬುದನ್ನು ಗಮನಿಸಬೇಕು.

ಆ ವರ್ಷಗಳಲ್ಲಿ ನಮ್ಮ ದೋಆಬವೂ ಆಂಗ್ಲರ ಕೈಯಲ್ಲಿತ್ತು; 1853ರಲ್ಲಿ ನಿಜಾಮನಿಂದ ಪಡೆದುದನ್ನು ಅವರು 1860ರಲ್ಲಿ ಹಿಂದಿರುಗಿಸಿದರು. ಪದವಿಭೇದವಿಲ್ಲದೆ ಕೊಡತಕ್ಕದ್ದೆಂದು ಹೊಗಳಿಸಿಕೊಂಡ ಈ ಪದಕ ಭಾರತೀಯ ಸೈನಿಕರಿಗೆ ತೆರೆದದ್ದು 1911ರಲ್ಲಿ ಮಾತ್ರ. ಅಲ್ಲಿಯವರೆಗೆ ಅವರ ಶೌರ್ಯಕ್ಕೆ ಬೇರೆಯದೇ ಪದಕವಿತ್ತು.

ಲ್ಯೂಕಸ್ ರಿಯರ್ ಅಡ್ಮಿರಲ್ ಹುದ್ದೆಗೇರಿ 1914ರಲ್ಲಿ ತೀರಿಕೊಂಡನು. ಅವನ ಪದಕಗಳು ರೈಲಿನಲ್ಲಿ ಮರೆತುಹೋಗಿ ಮತ್ತೆ ಸಿಗಲೇ ಇಲ್ಲ. ಗ್ರೀನಿಚ್‌ನ ವಸ್ತುಸಂಗ್ರಹಾಲಯದಲ್ಲಿರುವುದು ಬದಲಿಯಾಗಿ ಮಾಡಿಸಿಕೊಂಡ ಪದಕ.